ಕಂಪ್ಯೂಟರ್ ‘ನಾರ್ಮಲ್’ ಎಂದ ತಲೆ

ನನಗೆ ಮೊದಲ ಸಲ ಫಿಟ್ಸ್ ಬಂದಾಗ ಇನ್ನೊಬ್ಬನ ಕುತ್ತಿಗೆ ನನ್ನ ಕಂಕುಳಲ್ಲಿತ್ತು.

ಲಿಂಗಸುಗೂರಿನಲ್ಲಿ ಕಾರಹುಣ್ಣಿಮೆಯ ಕುಸ್ತಿ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮಸ್ಕಿಯ ಗರಡಿಯಿಂದ ಹೋದವನು. ಹೆಸರು ಹಣಮಂತ, ಸುತ್ತಲ ಊರುಗಳಿಗೆ ಮಸ್ಕಿ ಪೈಲ್ವಾನ. ಎದುರಾಳಿಯನ್ನು ಬಗ್ಗಿಸಿ ತೋಳಿನಲ್ಲಿ ಅಮುಕಿ ಹಿಡಿದಿದ್ದೆ. ಇನ್ನೇನು ಎತ್ತಿ ಒಗೆಯಬೇಕು, ಆಗ ಹೊಟ್ಟೆಯೊಳಗಿಂದ ಏನೋ ಎದ್ದು ಎದೆಗೆ, ಎದೆಯಿಂದ ಗಂಟಲಿಗೆ ಏರಿತು. ಶೇಂಗಾ ಸುಟ್ಟು ಕರಕಲಾದಂಥ ವಾಸನೆ ಮೂಗಿಗೆ ಬಡಿಯಿತು. ನನಗೆ ನೆನಪಿರುವುದು ಅಷ್ಟೇ.

ಮುಂದಿನದೆಲ್ಲ ಬೇರೆಯವರ ಬಾಯಿಂದ ಕೇಳಿದ್ದು. ನನ್ನ ಮೈ ಸೆಟೆದು ಕಟ್ಟಿಗೆಯಾಯಿತಂತೆ. ತೋಳು ಬಿಗಿಯುತ್ತಲೇ ಹೋಯಿತಂತೆ. ಅವನ ಮುಖ ಕಪ್ಪಿಟ್ಟಿತು, ಕಾಲು ಮಣ್ಣು ಕೆದರಿದವು, ನಾಲಿಗೆ ಹೊರಗೆ ಬಂತು. ಪಂಚರು ‘ಬಿಡು, ಬಿಡು’ ಎಂದು ಕೂಗಿದರೂ ನಾನು ಬಿಡಲಿಲ್ಲ. ಕೊಲ್ಲುತ್ತಿದ್ದಾನೆ ಎಂದುಕೊಂಡು ಅವನ ಊರಿನವರು ಕಣಕ್ಕೆ ನುಗ್ಗಿದರು. ಬಡಿಗೆಯಿಂದ ನನ್ನ ಬೆನ್ನಿಗೆ, ಮೊಣಕೈಗೆ, ಕೊನೆಗೆ ತಲೆಗೆ ಹೊಡೆದು ಅವನನ್ನು ಬಿಡಿಸಿಕೊಂಡರು. ನನಗೆ ಎಚ್ಚರವಾದಾಗ ಬಾಯಿ ತುಂಬ ಮಣ್ಣು ಮತ್ತು ರಕ್ತ. ನಾಲಿಗೆಯ ಅಂಚು ನನ್ನದೇ ಹಲ್ಲಿಗೆ ಸಿಕ್ಕು ಹರಿದಿತ್ತು. ಸುತ್ತ ನಿಂತವರು ಉಗುಳುತ್ತಿದ್ದರು. ಏಕೆ ಎಂದು ನನಗೆ ತಿಳಿಯಲಿಲ್ಲ.

ಆ ಹುಡುಗ ಬದುಕಿದ. ಅವನ ಕುತ್ತಿಗೆಯ ಬಾವು ಇಳಿಯಲು ಬಹಳ ದಿನ ಬೇಕಾಯಿತು. ನನ್ನನ್ನು ಮತ್ತೆ ಯಾವ ಕಣಕ್ಕೂ ಕರೆಯಲಿಲ್ಲ.

ಅವ್ವ ಇದನ್ನು ದೃಷ್ಟಿ ಎಂದಳು. ನಿವಾಳಿಸಿದಳು, ತಾಯತ ಕಟ್ಟಿಸಿದಳು. ಒಂದಷ್ಟು ಕಾಲ ಏನೂ ಆಗಲಿಲ್ಲ. ನಾನು ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ ಹಿಡಿದೆ. ಕಾಲುವೆ ನೀರಿನ ಭತ್ತ ಲಾರಿಗಟ್ಟಲೆ ಬರುತ್ತಿದ್ದ ಕಾಲ ಅದು. ಚೀಲ ಹೊರುವುದು ನನಗೆ ಆಟವಾಗಿತ್ತು. ಸಂತೆಕಲ್ಲೂರಿನ ಈರಮ್ಮನೊಂದಿಗೆ ಮದುವೆಯೂ ಆಯಿತು. ಅವಳ ಅಣ್ಣ ಬಸಣ್ಣ ಗಟ್ಟಿ ಆಳು, ಎರಡೆತ್ತಿನ ಒಕ್ಕಲುತನದವ. ಪೈಲ್ವಾನನಿಗೆ ತಂಗಿಯನ್ನು ಕೊಟ್ಟೆ ಎಂದು ಸಂತೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಎರಡನೆಯ ಸಲ ಬಂದದ್ದು ಮಿಲ್ಲಿನಲ್ಲಿ. ಯಂತ್ರದ ಓಡುವ ಬೆಲ್ಟಿನ ಪಕ್ಕದಲ್ಲೇ ಬಿದ್ದೆನಂತೆ. ಜೊತೆಯ ಹಮಾಲರು ಎಳೆದು ದೂರ ಹಾಕಿದ್ದರಿಂದ ಕೈಕಾಲು ಉಳಿದವು. ಆದರೆ ಎಳೆದವರು ಅಷ್ಟಕ್ಕೆ ಬಿಡಲಿಲ್ಲ. ಎದೆಯ ಮೇಲೊಬ್ಬ ಕುಳಿತ, ಕಾಲಿನ ಮೇಲೊಬ್ಬ ಬಿದ್ದ, ಕೈಗೆ ಬೀಗದ ಕೈ ತುರುಕಿದರು, ಮೂಗಿಗೆ ಚಪ್ಪಲಿ ಹಿಡಿದರು. ಒದ್ದಾಟ ನಿಂತಮೇಲೂ ಬಿಡಲಿಲ್ಲ. ನನ್ನ ಕಣ್ಣು ತೆರೆದಿತ್ತಂತೆ, ಆದರೆ ನಾನು ಅದರೊಳಗೆ ಇರಲಿಲ್ಲ. ಮೇಲೆ ಕುಳಿತವನನ್ನು ಕಿತ್ತು ಒಗೆದೆ. ಇನ್ನೊಬ್ಬನ ಬಾಯಿಗೆ ಮೊಣಕೈಯಿಂದ ಹೊಡೆದೆ. ಅವನು ಖಾಜಾ, ನನ್ನ ಜೀವದ ಗೆಳೆಯ. ಮುಂದಿನ ಎರಡು ಹಲ್ಲು ಮುರಿದು ಭತ್ತದ ಧೂಳಿನಲ್ಲಿ ಬಿದ್ದವು.

ಎಚ್ಚರವಾದಾಗ ಅಂಗಿಯ ಮೇಲೆ ರಕ್ತವಿತ್ತು. ‘ಯಾರ ರಕ್ತಪಾ ಇದು?’ ಎಂದು ಕೇಳಿದೆ. ಖಾಜಾ ಟವೆಲ್ಲನ್ನು ಬಾಯಿಗೆ ಒತ್ತಿ ಹಿಡಿದು ನನ್ನನ್ನು ನೋಡುತ್ತ ಕೂತಿದ್ದ.

ಅಂದಿನಿಂದ ಪ್ರತಿ ಸಲ ಎದ್ದಾಗ ನನ್ನ ಮೊದಲ ಮಾತು ಅದೇ ಆಯಿತು. ಈ ಬೇನೆ ಇದ್ದವರಿಗೆ ಬೀಳುವ ಹೆದರಿಕೆ ಇರುತ್ತದೆ. ನನಗೆ ಏಳುವ ಹೆದರಿಕೆ. ಎದ್ದಾಗ ಎದುರಿಗೆ ಯಾರು ಮುರಿದು ಬಿದ್ದಿರುತ್ತಾರೋ ಎಂಬ ಹೆದರಿಕೆ.

ಒಂದು ಮುಂಜಾನೆ ಮಸ್ಕಿಯ ನಮ್ಮ ಮನೆಯಲ್ಲಿ ಈರಮ್ಮ ರೊಟ್ಟಿ ಬಡಿಯುತ್ತಿದ್ದಳು. ನಾನು ಊಟಕ್ಕೆ ಕುಳಿತಿದ್ದೆ. ಆ ಸುಟ್ಟ ವಾಸನೆ ಬಂತು. ಒಲೆಯ ಮೇಲಿನ ರೊಟ್ಟಿ ಸೀದಿದೆ ಎಂದುಕೊಂಡೆ. ಆಮೇಲೆ ಅವ್ವ ಹೇಳಿದ್ದು: ಅವ್ವ ಕಾಲು ಹಿಡಿದಳು, ಈರಮ್ಮ ನನ್ನ ಎರಡೂ ರಟ್ಟೆ ಹಿಡಿದು ಎದೆಗೆ ಅವಚಿಕೊಂಡಳು. ನಾನು ಅವಳನ್ನು ಎತ್ತಿ ಒಗೆದೆ. ಕುಸ್ತಿಯಲ್ಲಿ ಒಗೆಯುವ ಹಾಗೆಯೇ. ಅವಳು ಒಲೆಯ ಮೇಲೆ ಬಿದ್ದಳು. ಕೊರಳ ಕೆಳಗಿನ ಎಲುಬು ಒಲೆಗಲ್ಲಿಗೆ ತಾಕಿ ಮುರಿಯಿತು. ಕಾದ ಹಂಚು ಮುಂಗೈಗೆ ಅಂಟಿ ಚರ್ಮ ಕಿತ್ತು ಬಂತು.

ಬಸಣ್ಣ ಮಧ್ಯಾಹ್ನದ ಬಸ್ಸಿಗೆ ಬಂದ. ತಂಗಿಯನ್ನು ಒಂದು ಸಲ ನೋಡಿದ. ಬಾಗಿಲ ಹಿಂದಿನ ಒನಕೆ ತೆಗೆದುಕೊಂಡ.

‘ನನ್ನ ತಂಗಿ ಮ್ಯಾಲ ಕುಸ್ತಿ ಮಾಡ್ತೀ ಏನಲೇ? ಏಳು, ನನ್ನ ಕೂಡ ಮಾಡು!’

ನಾನು ಕೈ ಎತ್ತಲಿಲ್ಲ. ಅವನು ಹೊಡೆಯುತ್ತ ಹೋದ. ಅವ್ವ ಅಡ್ಡ ಬಂದಳು, ಅವಳನ್ನೂ ನೂಕಿದ. ಪಕ್ಕೆಲುಬು ಮುರಿದ ಸದ್ದು ನನಗೇ ಕೇಳಿಸಿತು. ಪೆಟ್ಟು ಬಿದ್ದಷ್ಟೂ ಒಳಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಸಂಜೆಯ ಬಸ್ಸಿಗೆ ಅವನು ಈರಮ್ಮನನ್ನು ಸಂತೆಕಲ್ಲೂರಿಗೆ ಕರೆದುಕೊಂಡು ಹೋದ.

ರಾಯಚೂರಿನಲ್ಲಿ ತಲೆಯೊಳಗಿನದನ್ನು ತೋರಿಸುವ ಹೊಸ ಕಂಪ್ಯೂಟರ್ ಬಂದಿದೆ ಎಂದು ಪತ್ತೆ ಮಾಡಿದವನು ಖಾಜಾ. ತೊಂಬತ್ತರ ದಶಕದ ಮೊದಲ ವರ್ಷಗಳು. ಕಂಪ್ಯೂಟರ್ ಎಂಬ ಶಬ್ದಕ್ಕೇ ಜನ ಕೈಮುಗಿಯುತ್ತಿದ್ದ ದಿನಗಳು. ನಾನು ಬೇಡ ಎಂದೆ.

‘ನನ್ನ ಹಲ್ಲು ಹೋಗ್ಯಾವು, ನಿನ್ನವಲ್ಲ. ನಾ ಹೇಳಿದ್ದು ಕೇಳು, ನಡಿ,’ ಎಂದ. ಹಲ್ಲಿಲ್ಲದ ಕಡೆ ಗಾಳಿ ಹೋಗಿ ಅವನ ಮಾತು ಸಿಳ್ಳೆ ಹೊಡೆಯುತ್ತಿತ್ತು.

ಅದೊಂದು ಖಾಸಗಿ ದವಾಖಾನೆ. ಹೊರಗೆ ಬೆಂಚಿನ ಮೇಲೆ ನಮ್ಮಂಥವರೇ ಸಾಲಾಗಿ ಕೂತಿದ್ದರು. ಒಬ್ಬಳ ಅರ್ಧ ಮುಖ ಸುಟ್ಟಿತ್ತು. ಒಬ್ಬ ಮುದುಕನನ್ನು ಅವನ ಮಗ ಪಂಚೆಯಿಂದ ತನ್ನ ಸೊಂಟಕ್ಕೇ ಕಟ್ಟಿಕೊಂಡಿದ್ದ. ಯಾರೂ ಯಾರನ್ನೂ ಏನು ಬೇನೆ ಎಂದು ಕೇಳಲಿಲ್ಲ. ಗಾಯ ನೋಡಿದರೆ ಗೊತ್ತಾಗುತ್ತಿತ್ತು.

ಒಳಗೆ ನನ್ನ ತಲೆಗೆ ಅಂಟು ಮುಲಾಮು ಹಚ್ಚಿ ವೈರು ಅಂಟಿಸಿದರು. ಕಣ್ಣು ಮುಚ್ಚು ಎಂದರು, ತೆರೆ ಎಂದರು, ಜೋರಾಗಿ ಉಸಿರಾಡು ಎಂದರು. ನಾನು ಹಲ್ಲು ಕಚ್ಚಿ ಮಲಗಿದ್ದೆ. ಪರದೆಯ ಮೇಲೆ ತಲೆಯ ಆಕಾರ, ಅದರ ತುಂಬ ನೀಲಿ ಹಸಿರು ಹಳದಿ. ಆಮೇಲೆ ಯಂತ್ರ ಕಿರುಗುಟ್ಟುತ್ತ ಕಾಗದ ಉಗುಳಿತು.

‘ನಮ್ಮ ಡಾಕ್ಟರು ಹೇಳಿದ್ದಲ್ಲ ಇದು, ಕಂಪ್ಯೂಟರ್ ತಾನೇ ಓದಿ ಬರದದ್ದು,’ ಎಂದು ಯಂತ್ರದ ಮುಂದಿದ್ದವ ಹೆಮ್ಮೆಯಿಂದ ಹೇಳಿದ. ‘ಮನುಷ್ಯಾರ ಕಣ್ಣು ತಪ್ಪಬಹುದು, ಇದು ತಪ್ಪಂಗಿಲ್ಲ. ನೋಡ್ರಿ, ನಾರ್ಮಲ್ ಅಂತ ಬಂದೈತಿ. ನಿಮ್ಮ ತಲ್ಯಾಗ ಏನೂ ಇಲ್ಲ.’

ಖಾಜಾ ನನ್ನನ್ನು ತಬ್ಬಿಕೊಂಡ. ದಾರಿಯುದ್ದಕ್ಕೂ ನಾವು ನಕ್ಕೆವು. ಒಳ್ಳೆಯ ಸುದ್ದಿ ಎಂದು ಬಸ್ ಇಳಿದವನೇ ಸಂತೆಕಲ್ಲೂರಿಗೆ ಹೋಗಿ ಬಸಣ್ಣನ ಕೈಗೆ ಆ ಕಾಗದ ಕೊಟ್ಟೆ. ಊರಿನ ಮಾಸ್ತರರು ಓದಿ ಹೇಳಿದರು. ಬಸಣ್ಣನ ಮುಖ ಬಿಗಿಯಿತು.

‘ಬ್ಯಾನಿ ಇಲ್ಲ ಅಂತ ಮಷೀನೇ ಹೇಳಾಕತ್ತೈತಿ. ಅಂದ್ರ ಗೊತ್ತಿದ್ದೂ ಹೊಡದೀ. ಗೊತ್ತಿದ್ದೂ ನನ್ನ ತಂಗೀನ ಬೆಂಕ್ಯಾಗ ಒಗದೀ.’

ಅವನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ನನಗೂ ಅನ್ನಿಸಿತು. ತಲೆಯಲ್ಲಿ ಏನೂ ಇಲ್ಲವಾದರೆ ಹೊಡೆದವನು ನಾನೇ. ಆ ದಿನಗಳಲ್ಲಿ ನನ್ನ ಕೈಗಳನ್ನು ನೋಡಿದರೆ ನನಗೇ ಅಸಹ್ಯವಾಗುತ್ತಿತ್ತು.

ಹಿರಿಯರು ಕೂತರು. ಬೇನೆ ಅಲ್ಲವೆಂದರೆ ಗಾಳಿ ಇರಬೇಕು, ಮೊದಲು ಅದನ್ನು ಬಿಡಿಸಿ ನೋಡೋಣ, ಬಿಡದಿದ್ದರೆ ಸಂಬಂಧ ಹರಿಯೋಣ ಎಂದು ತೀರ್ಮಾನವಾಯಿತು. ಹೊಳೆಯ ದಂಡೆಯ ಒಂದು ಊರಿನಲ್ಲಿ ದೆವ್ವ ಬಿಡಿಸುವವನಿದ್ದ. ಬಸಣ್ಣ ಮತ್ತು ಅವನ ಕಡೆಯವರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ನಾನಾಗಿಯೇ ಹೋದೆ, ಯಾರೂ ಎಳೆಯಲಿಲ್ಲ.

ಅಲ್ಲಿ ಬೇವಿನ ಗಿಡಕ್ಕೆ ಸರಪಳಿ ಇತ್ತು. ಕೈ ಹಿಂದೆ ಮಾಡಿ ಕಟ್ಟಿದರು. ಆ ಮನುಷ್ಯ ಹಸಿ ಹುಣಸೆ ಬರಲಿನಿಂದ ಹೊಡೆಯುತ್ತ, ‘ಯಾರು ನೀ? ಹೆಸರು ಹೇಳು!’ ಎನ್ನುತ್ತಿದ್ದ. ನಾನು ‘ಹಣಮಂತ’ ಎಂದೆ. ಮತ್ತೆ ಹೊಡೆದ. ಮತ್ತೆ ‘ಹಣಮಂತ’ ಎಂದೆ. ನನ್ನ ಹೆಸರು ಹೇಳಿದಷ್ಟೂ ಪೆಟ್ಟು ಜೋರಾಯಿತು. ಬೆನ್ನಿನಿಂದ ರಕ್ತ ಇಳಿದು ಪಂಚೆ ಕಾಲಿಗೆ ಅಂಟಿತು. ಕಡೆಗೆ ಕುಡುಗೋಲು ಕಾಯಿಸಿ ಎಡ ಕಪಾಳದ ಮೇಲೆ, ಕಿವಿಯ ಹತ್ತಿರ ಬರೆ ಎಳೆದ. ನನ್ನದೇ ಮಾಂಸದ ವಾಸನೆ ಬಂತು. ಅದರ ಬೆನ್ನಿಗೇ ಇನ್ನೊಂದು ವಾಸನೆ, ಆ ಸುಟ್ಟ ಶೇಂಗಾದ್ದು.

ನಾನು ಬಿದ್ದೆ. ನಾಲ್ಕೈದು ಜನ ಮೇಲೆ ಬಿದ್ದು ಹಿಡಿದರು. ಕಟ್ಟಿದ್ದ ಕೈಯನ್ನು ಹೇಗೆ ಕಿತ್ತುಕೊಂಡೆನೋ, ಮುಂಗೈಯ ಚರ್ಮ ಸುಲಿದು ಹೋಗಿತ್ತು. ಬಿಚ್ಚಿದ ಸರಪಳಿ ಬಡಿದು ಒಬ್ಬನ ಮೂಗು ಒಡೆಯಿತಂತೆ. ಆಮೇಲೆ ಎಲ್ಲರೂ ಸೇರಿ ಕಲ್ಲಿನಿಂದ, ಕಾಲಿನಿಂದ ಬಾರಿಸಿ, ಮತ್ತೆ ಸರಪಳಿ ಬಿಗಿದರು.

ನನಗೆ ಎಚ್ಚರವಾದಾಗ ಹೆಂಗಸಿನ ಧ್ವನಿ ಕೇಳಿಸುತ್ತಿತ್ತು. ಈರಮ್ಮ. ಕೈಯನ್ನು ಸೆರಗಿನ ಜೋಳಿಗೆಯಲ್ಲಿ ಇಟ್ಟುಕೊಂಡು, ಒಬ್ಬಳೇ ಬಸ್ ಹತ್ತಿ ಬಂದಿದ್ದಳು.

‘ಅಣ್ಣಾ, ಎಲುಬು ಮುರದದ್ದು ನನ್ನದು. ಸುಟ್ಟಿದ್ದು ನಾನು. ನನ್ನ ಒಬ್ಬರರ ಕೇಳೀರೇನು?’

‘ಏನ್ ಕೇಳೂದೈತಿ? ಮಷೀನೇ ಹೇಳೈತಿ,’ ಎಂದ ಬಸಣ್ಣ.

‘ಮಷೀನು ನಮ್ಮ ಮನ್ಯಾಗ ಇದ್ದಿದ್ದಿಲ್ಲ. ನಾ ಇದ್ದೆ. ಒಗಿಯೂಮುಂದ ಇವನ ಕಣ್ಣು ನೋಡೀನಿ. ಅದರಾಗ ಸಿಟ್ಟು ಇದ್ದಿಲ್ಲ. ನಾನೂ ಇದ್ದಿಲ್ಲ. ಹಗ್ಗ ಹಾಕೂಮುಂದ ಬೆದರಿದ ಎತ್ತಿನ ಕಣ್ಣು ಇರ್ತಾವಲ್ಲ, ಹಂಗ ಇದ್ದವು. ಬಿಚ್ಚು ಸರಪಳಿ.’

ಅವನು ಬಿಚ್ಚಲಿಲ್ಲ. ಅವಳು ಒಂದೇ ಕೈಯಿಂದ ಕೊಕ್ಕೆ ತೆಗೆಯತೊಡಗಿದಳು. ಬರುತ್ತಿರಲಿಲ್ಲ, ನೋವಿಗೆ ಅವಳ ತುಟಿ ಬೆಳ್ಳಗಾಗಿತ್ತು. ಕೊನೆಗೆ ಬಸಣ್ಣನೇ ಬಗ್ಗಿ ತೆಗೆದ.

ಹೈದರಾಬಾದಿನ ದೊಡ್ಡ ಸರ್ಕಾರಿ ದವಾಖಾನೆಗೆ ಹೋಗಬೇಕು ಎಂದು ಹಟ ಹಿಡಿದವಳು ಅವಳೇ. ಬಸಣ್ಣ ನಮ್ಮೊಂದಿಗೆ ಬಂದ. ನನ್ನ ಮೇಲಿನ ಪ್ರೀತಿಗಲ್ಲ. ಅಲ್ಲಿಯೂ ‘ಏನೂ ಇಲ್ಲ’ ಎಂದರೆ ಅಲ್ಲಿಂದಲೇ ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಮೊದಲೇ ಹೇಳಿದ್ದ.

ಅಲ್ಲಿನ ಓಣಿಯಂಥ ಉದ್ದದ ಜಾಗದಲ್ಲಿ ನೆಲದ ಮೇಲೆ ಕಾದೆವು. ನನ್ನ ಕಪಾಳದ ಬರೆ ಕೀವಾಗಿತ್ತು, ನೊಣ ಕೂರುತ್ತಿದ್ದವು. ಪಕ್ಕದಲ್ಲಿ ಕುಳಿತಿದ್ದ ತೆಲುಗಿನ ಹೆಂಗಸೊಬ್ಬಳು ಏನೂ ಕೇಳದೆ ತನ್ನ ಬೀಸಣಿಗೆಯಿಂದ ನನಗೂ ಗಾಳಿ ಹಾಕತೊಡಗಿದಳು. ಅವಳ ತೊಡೆಯ ಮೇಲೆ ಬೆಳೆದ ಮಗಳು ಮಲಗಿದ್ದಳು. ಆ ಹುಡುಗಿಯ ಕಪಾಳದ ಮೇಲೂ ಅಂಥದೇ ಬರೆ. ಈರಮ್ಮ ಬುತ್ತಿ ಬಿಚ್ಚಿ ಅವರಿಗೂ ರೊಟ್ಟಿ ಕೊಟ್ಟಳು. ಭಾಷೆ ಬರದಿದ್ದರೂ ಇಬ್ಬರೂ ಏನೇನೋ ಮಾತಾಡಿಕೊಂಡರು.

ತಲೆಯ ಸ್ಕ್ಯಾನ್ ಮಾಡಿದರು. ದೊಡ್ಡ ಉಂಗುರದಂಥ ಯಂತ್ರದೊಳಗೆ ತಲೆ ಇಟ್ಟು ಪಟ್ಟಿ ಬಿಗಿದಾಗ ನನ್ನ ಕೈ ತಾವಾಗಿಯೇ ಮುಷ್ಟಿಯಾದವು. ಮತ್ತೆ ಕಟ್ಟುತ್ತಿದ್ದಾರೆ ಎಂದುಕೊಂಡೆ. ಅಲ್ಲಿನ ನರ್ಸಮ್ಮ ಒಬ್ಬರು ನನ್ನ ಕಾಲ ಹೆಬ್ಬೆರಳು ಹಿಡಿದುಕೊಂಡು ಮುಗಿಯುವವರೆಗೂ ನಿಂತರು.

ಡಾಕ್ಟರು ವಯಸ್ಸಾದ ಹೆಂಗಸು, ಕಲಬುರ್ಗಿ ಕಡೆಯವರು. ಕರಿಯ ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಸಿಕ್ಕಿಸಿ ನೋಡಿದರು. ಆದರೆ ಮೊದಲು ಮಾತಾಡಿಸಿದ್ದು ನನ್ನನ್ನಲ್ಲ, ಬಸಣ್ಣನನ್ನು.

‘ಈಂವ ಬಿದ್ದಾಗ ನೀವು ನೋಡೀರೇನು?’

‘ನೋಡೀನ್ರಿ. ಹುಚ್ಚ ಎದ್ದಂಗ ಎದ್ದು ಹೊಡೀತಾನ್ರಿ.’

‘ಯಾರನ್ನ?’

‘ಸಿಕ್ಕವರನ್ನ.’

‘ಸಿಕ್ಕವರು ಅಂದ್ರ? ಹಿಡದವರನ್ನೋ, ದೂರ ನಿಂತವರನ್ನೋ? ನೆನಪು ಮಾಡಿಕೊಂಡು ಹೇಳ್ರಿ. ಅವಸರ ಇಲ್ಲ.’

ಬಸಣ್ಣ ಪೆಟ್ಟು ತಿಂದವರನ್ನು ಒಬ್ಬೊಬ್ಬರನ್ನಾಗಿ ಬೆರಳಲ್ಲಿ ಎಣಿಸಿದ. ಹೊರಗೆ ಸಾಲಿನಲ್ಲಿ ಗದ್ದಲವಾಗುತ್ತಿತ್ತು, ಡಾಕ್ಟರು ಬಾಗಿಲಿನ ಕಡೆ ನೋಡಲೂ ಇಲ್ಲ.

‘ಹಿಡದವರನ್ನ ರೀ,’ ಎಂದ ಕೊನೆಗೆ.

‘ದೂರ ಇದ್ದವರನ್ನ ಒಮ್ಮಿಯರ?’

‘ಇಲ್ರಿ.’ ಅವನ ಧ್ವನಿ ಇಳಿದಿತ್ತು.

‘ಫಿಟ್ಸ್ ನಿಂತ ಮ್ಯಾಲ ಸ್ವಲ್ಪ ಹೊತ್ತು ಇವನಿಗೆ ಯಾರು ಎಲ್ಲಿ ಅಂತ ತಿಳಿಯಂಗಿಲ್ಲ. ಆಗ ನೀವು ಅಮುಕಿ ಹಿಡೀತೀರಿ. ಯಾರೋ ಕೊಲ್ಲಾಕ ಬಂದಾರ ಅಂತ ಮೈ ತಾನೇ ಬಿಡಿಸಿಕೊಳ್ತದ. ಪೈಲ್ವಾನನ ಮೈ ಅಲ್ಲೇನು, ಗೊತ್ತಿದ್ದದ್ದು ಮಾಡ್ತದ. ಚೂಪಾದದ್ದು, ಬೆಂಕಿ, ನೀರು ದೂರ ಇಡ್ರಿ. ಒಂದು ಮಗ್ಗಲಾಗಿ ಹೊರಳಿಸ್ರಿ. ಎದ್ದ ಮ್ಯಾಲ ಕೈ ಬಿಟ್ಟು ದೂರ ನಿಲ್ರಿ.’

ನಾನು ರಾಯಚೂರಿನ ಕಾಗದ ತೋರಿಸಿ, ಹಾಗಾದರೆ ಇದು ಸುಳ್ಳೇ ಎಂದು ಕೇಳಿದೆ.

‘ಸುಳ್ಳಲ್ಲ. ಅವತ್ತು ನೀ ಎಚ್ಚರಾಗಿ ಸುಮ್ಮನ ಮಲಗಿದ್ದಿ. ಆ ಹೊತ್ತಿನ್ಯಾಗ ಅದಕ್ಕ ಏನೂ ಕಂಡಿಲ್ಲ. ಕಂಡಿಲ್ಲ ಅಂತ ಬರದದ. ನಿನ್ನ ಬದುಕಿನ ಬಗ್ಗೆ ಅದಕ್ಕೇನು ಗೊತ್ತು? ಅದು ನಿನ್ನ ಹೆಂಡತೀನ ಕೇಳಿಲ್ಲ, ಗೆಳೆಯನ್ನ ಕೇಳಿಲ್ಲ. ಕೇಳಬೇಕಾದವರು ನಾವು.’

ಆಮೇಲೆ ಫಿಲ್ಮಿನ ಮೇಲೆ ಬೆರಳಿಟ್ಟರು. ಎಡಗಡೆ, ಕಿವಿಯ ಮೇಲ್ಭಾಗಕ್ಕೆ ಸರಿಯಾಗಿ, ಜೋಳದ ಕಾಳಿನಷ್ಟು ಬಿಳಿ ಚುಕ್ಕೆ. ಹಿಂದೆಂದೋ ತಿಂದದ್ದರ ಜೊತೆ ಹೊಟ್ಟೆಗೆ ಹೋದ ಹುಳದ ತತ್ತಿ ಮೆದುಳಿಗೆ ಏರಿ, ಅಲ್ಲೇ ಸತ್ತು ಸುಣ್ಣಗಟ್ಟಿದೆ, ಫಿಟ್ಸ್ ಬರುವುದು ಅದರಿಂದಲೇ ಎಂದರು. ಬರೆ ಬಿದ್ದ ಜಾಗದ ಪಕ್ಕದಲ್ಲೇ ಅದು ಇತ್ತು. ಈರಮ್ಮ ಫಿಲ್ಮಿನ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು. ‘ಇಷ್ಟ ಐತಿ,’ ಎಂದಳು. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತಳು. ಬಸಣ್ಣ ಹೊರಗೆ ಹೋಗಿಬಿಟ್ಟ.

ಎಲ್ಲ ಒಮ್ಮೆಲೇ ನೆಟ್ಟಗಾಗಲಿಲ್ಲ. ಅವರು ಕೊಟ್ಟ ಗುಳಿಗೆಯಿಂದ ಮೊದಲ ದಿನಗಳಲ್ಲಿ ಒಂದು ವಸ್ತು ಎರಡಾಗಿ ಕಾಣುತ್ತಿತ್ತು, ನಡೆದರೆ ಕುಡಿದವನಂತೆ ತೂಗಾಡುತ್ತಿದ್ದೆ. ಮಿಲ್ಲಿನಲ್ಲಿ ಚೀಲ ಹೊರುವುದು ಬಿಡಿಸಿ ಗೇಟಿನ ಹತ್ತಿರ ಕೂಡಿಸಿದರು. ಪೈಲ್ವಾನ ಬಾಗಿಲು ಕಾಯುವುದನ್ನು ನೋಡಲು ಕೆಲವರು ಸುಮ್ಮನೆ ಬಂದು ಹೋಗುತ್ತಿದ್ದರು. ಫಿಟ್ಸ್ ಬಹಳ ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ. ಈರಮ್ಮ ಮನೆಗೆ ಬಂದಳು. ಆದರೆ ನಾನು ಹಿಂದಿನಿಂದ ಹೋದರೆ ಅವಳ ಹೆಗಲು ತಾನಾಗಿ ಮೇಲೇಳುತ್ತಿತ್ತು. ಒಲೆಯ ಹತ್ತಿರ ಇದ್ದಾಗ ನಾನು ಬಾಗಿಲಲ್ಲೇ ನಿಂತು ಕೆಮ್ಮಿ ಒಳಗೆ ಹೋಗುವುದನ್ನು ಕಲಿತೆ. ಬಸಣ್ಣ ಬಂದು ಹೋಗುತ್ತಿದ್ದ, ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ. ತಲೆಯೊಳಗಿನ ಚುಕ್ಕೆ ಕಂಡಿತ್ತು ನಿಜ, ಆದರೆ ಕೈ ಬಿಟ್ಟರೆ ನಾನು ಯಾರನ್ನೂ ಹೊಡೆಯುವುದಿಲ್ಲ ಎಂಬುದು ಡಾಕ್ಟರ ಮಾತಷ್ಟೇ ಆಗಿತ್ತು. ಯಾರೂ ಅದನ್ನು ಕಣ್ಣಾರೆ ನೋಡಿರಲಿಲ್ಲ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಜ್ವರ ಬಂದು, ತಿಂದ ಗುಳಿಗೆಯೆಲ್ಲ ವಾಂತಿಯಾಗಿ ಹೋಗುತ್ತಿತ್ತು. ಸಿಂಧನೂರಿನ ದವಾಖಾನೆಗೆ ತೋರಿಸಲು ಈರಮ್ಮ ಮತ್ತು ಬಸಣ್ಣ ನನ್ನನ್ನು ಕರೆದುಕೊಂಡು ಹೊರಟಿದ್ದರು. ಗೊರೇಬಾಳದ ಕಡೆಯಿಂದ ಬಂದ ಕೂಲಿಜನ ಅಲ್ಲಿನ ಬಸ್ ನಿಲ್ದಾಣದ ತುಂಬ ಇದ್ದರು. ಬಸ್ಸಿಳಿದು ಸ್ವಲ್ಪ ದೂರ ಬಂದಿದ್ದೆವು, ಆ ವಾಸನೆ ಬಂತು. ‘ಬಂತು’ ಎಂದು ಹೇಳುವಷ್ಟು ಹೊತ್ತು ಸಿಕ್ಕಿತು.

ಕಣ್ಣು ತಿಳಿಯಾದಾಗ ನಾನು ಕಂಬಕ್ಕೆ ಒರಗಿ ಕುಳಿತಿದ್ದೆ. ಎದುರಿಗೆ ಬಸಣ್ಣ. ಅವನ ತುಟಿ ಒಡೆದು ಗದ್ದದ ಮೇಲೆ ರಕ್ತ ಇಳಿಯುತ್ತಿತ್ತು, ಅಂಗಿಯ ತೋಳು ಹರಿದು ನೇತಾಡುತ್ತಿತ್ತು.

‘ನಾ ಹೊಡದ್ನೇನು?’

‘ನೀ ಅಲ್ಲ. ಅಲ್ಲಿ ಕೆಂಪು ರುಮಾಲಿನಾಂವ ನಿಂತಾನ ನೋಡು, ಅಂವ ಹೊಡದ. ನಿನ್ನ ಹಿಡ್ಯಾಕ ಮೂರ್ನಾಕು ಮಂದಿ ಬಿದ್ದು ಬಂದ್ರು. ಮುಟ್ಟಬ್ಯಾಡ್ರಿ ಅಂದೆ, ಕೇಳಲಿಲ್ಲ. ನಾನೂ ಹೊಡದೆ.’

‘ಮತ್ತ ನಾ?’

ಬಸಣ್ಣ ನನ್ನ ಮುಖವನ್ನೇ ನೋಡಿದ. ಒನಕೆ ಎತ್ತಿದ ದಿನದಿಂದ ಅವನು ಹಾಗೆ ನೆಟ್ಟಗೆ ನೋಡಿದ್ದು ಅದೇ ಮೊದಲು.

‘ನೀ ಎದ್ದಿ. ಅತ್ತಾಗಿತ್ತಾಗ ನೋಡಿದಿ. ಈರಮ್ಮನ ಮಗ್ಗಲದಾಗ ಹಾದು ಬಂದು ಇಲ್ಲಿ ಕುಂತಿ. ಯಾರನ್ನೂ ಮುಟ್ಟಲಿಲ್ಲ.’

ಈರಮ್ಮ ನೀರಿನ ತಂಬಿಗೆ ಹಿಡಿದು ಬಂದು ನನ್ನ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗುವಂತೆ ಕುಳಿತಳು.

‘ಇನ್ನೊಮ್ಮೆ ಹೇಳು,’ ಎಂದೆ.

ಬಸಣ್ಣ ಒಡೆದ ತುಟಿಯನ್ನು ತೋಳಿನಿಂದ ಒರೆಸಿಕೊಂಡು ಇನ್ನೊಮ್ಮೆ ಹೇಳಿದ.